ಹಸರು ಚಿಂದಿ ಕಟ್ಟಿದ ಕೀಲಿಕೈ

ಆ ರ್ಯಾಲಿಯಾಗ ಕಟ್ಟಕಡೀಗಿ ಬಂದವರು ನಾವು. ಇದನ್ನ ಮೊದಲೇ ಹೇಳಿಬಿಡ್ತೇನಿ. ನಮ್ಮ ಮನಿಯವರು ಮಾತ್ರ ಇವತ್ತಿಗೂ ಯಾರರ ಕೇಳಿದ್ರ ‘ಗಾಡಿ ಪಂಚರ್ ಆಗಿತ್ತು’ ಅಂತ ಸುಳ್ಳು ಹೇಳ್ತಾರ. ಗಾಡಿಗಿ ಏನೂ ಆಗಿದ್ದಿಲ್ಲ. ನಾನು ಒಬ್ಬಾಕಿ ಮುದುಕಿ ಮುಂದ ವಿಚಾರ ಮಾಡಲಾರದ ಒಂದು ‘ಹೂಂ’ ಅಂದಿದ್ದೆ. ಆ ಹೂಂ ತಿರುಗಿ ತಗೋಳ್ಲಕ್ಕ ಹೋದ್ವಿ, ಹೊತ್ತು ಮುಳುಗಿತು.

ಬರ ಬಿದ್ದ ಎರಡನೇ ವರ್ಷ ಅದು. ಕೈಯಾಗ ಫೋನ್ ಇಲ್ಲದ ಕಾಲ, ಮಾತಾಡಬೇಕಂದ್ರ ಎಸ್‌ಟಿಡಿ ಬೂತಿಗೇ ಹೋಗಬೇಕು. ನಾನು ಬೀದರ ಬಾಜೂಕಿನ ಚಿದ್ರಿಯಾಗ ಸಣ್ಣ ಮಕ್ಕಳ ಸಾಲಿ ಟೀಚರ್. ಹಾಜರಿ ಕೂಗಿದ್ರ ಅರ್ಧ ಹೆಸರಿಗಿ ‘ಹೈದ್ರಾಬಾದಕ್ಕ ಹೋಗ್ಯಾನ್ರಿ’, ‘ಪುಣೇಕ್ಕ ಹೋಗ್ಯಾಳ್ರಿ’ ಅಂತ ಉಳಿದ ಮಕ್ಕಳೇ ಉತ್ತರ ಕೊಡ್ತಿದ್ವು. ನಮ್ಮ ಮನಿಯವರದು ನೌಬಾದದಾಗ ಮೋಟರ್ ಸೈಕಲ್ ರಿಪೇರಿ ಅಂಗಡಿ. ಲಗ್ನ ಆಗಿ ಎರಡು ವರ್ಷ ಆಗಿತ್ತು. ಗಾಡಿ ಸಂಗಟ ಎಷ್ಟು ಮಾತಾಡ್ತಿದ್ರೋ ಅದರ ಕಾಲುಭಾಗ ನನ್ನ ಸಂಗಟ ಮಾತಾಡಿದ್ರ ನಾನು ದೇವರಿಗಿ ಕಾಯಿ ಒಡಸ್ತಿದ್ದೆ.

ಗಾಡಿ ಹುಚ್ಚಿನ ಒಂದಿಷ್ಟು ಮಂದಿ ಕೂಡಿ ಆ ವರ್ಷ ‘ಹುಡುಕೋ ರ್ಯಾಲಿ’ ಅಂತ ಇಟ್ಟಿದ್ರು. ಜೋರ್ ಓಡಸೋ ಪೈಪೋಟಿ ಅಲ್ಲ ಅದು. ಮುಂಜಾನಿ ನೌಬಾದದಾಗ ಕೈಗೊಂದು ಚೀಟಿ ಕೊಡ್ತಾರ, ಅದರಾಗ ಹನ್ನೆರಡು ಸಾಮಾನಿನ ಹೆಸರು, ಒಂದೊಂದಕ್ಕ ಇಂತಿಷ್ಟು ಮಾರ್ಕು. ಭಾಲ್ಕಿ, ಔರಾದ ಸುತ್ತಿ ಎಲ್ಲಾ ಹುಡುಕಿ ತಗೊಂಡು ಹೊತ್ತು ಮುಳುಗೋದ್ರೊಳಗ ವಾಪಸ್ ಬರಬೇಕು. ಎರವಲು ತಂದಿದ್ದನ್ನ ಮರುದಿನ ತಿರುಗಿ ಮುಟ್ಟಿಸಬೇಕು. ಗೆದ್ದವರಿಗಿ ಒಂದು ಜೋಡಿ ಹೊಸ ಟಾಯರ್. ನಮ್ಮ ಗಾಡಿ ಟಾಯರ್ ನನ್ನ ಅಂಗೈಕಿಂತ ನುಣ್ಣಗಾಗಿದ್ವು, ಹಿಂಗಾಗಿ ಇವರಿಗಿ ಆ ಜೋಡಿ ಬೇಕೇ ಬೇಕಿತ್ತು. ಹಿಂದ ಒಬ್ಬರು ಕುಂತು ಚೀಟಿ ಓದಬೇಕು ಅಂತ ನಿಯಮ ಇದ್ದಿದ್ದಕ್ಕ ನನಗ ಕರ್ಕೊಂಡು ಹೊಂಟ್ರು, ಪ್ರೀತಿ ಉಕ್ಕಿ ಅಲ್ಲ ಮತ್ತ.

ಗಾಡಿ ಗುರುತಿಗಂತ ಒಂದೊಂದರ ಹ್ಯಾಂಡಲ್‌ಗೆ ಒಂದೊಂದು ಬಣ್ಣದ ಬಟ್ಟಿ ಕಟ್ಟಿದ್ರು. ನಮ್ಮದು ಹಸರು.

ಚೀಟಿ ಓದಿ ನನಗ ಸಿಟ್ಟೂ ಬಂತು, ನಗೀನೂ ಬಂತು. ಬೀದರಿನ ಕೆಂಪು ಮಣ್ಣು, ಔರಾದಿನ ಕರಿ ಮಣ್ಣು ಒಂದೊಂದು ಮುಷ್ಟಿ. ಆಗಲಿ. ಭಾಲ್ಕಿ ಬಸ್ ಸ್ಟ್ಯಾಂಡಿನ ಚಹಾದವನ ಸಹಿ. ಅದೂ ಆಗಲಿ. ‘ತುಂಬಿದ ಭಾವಿಯ ನೀರು, ಒಂದು ಬಾಟ್ಲಿ.’

“ಇದನ್ನ ಬರದಾವ ಈ ವರ್ಷ ಮನಿ ಬಿಟ್ಟು ಹೊರಗ ಬಂದಾನೋ ಇಲ್ಲೋ?” ಅಂದೆ.

“ಮುಂದಿಂದು ಓದು,” ಅಂದ್ರು ಇವರು.

ಮುಂದಿಂದು ‘ಗೇಣುದ್ದದ ಹಳೇ ಕಬ್ಬಿಣದ ಕೀಲಿಕೈ’. ಎಲ್ಲಾದಕ್ಕಿಂತ ಹೆಚ್ಚಿನ ಮಾರ್ಕು ಅದಕ್ಕೇ ಇತ್ತು.

ಭಾಲ್ಕಿ ಮುಗಿಸಿ ಔರಾದ ದಾರಿ ಹಿಡಿದಾಗ ಒಂಬತ್ತು ಸಾಮಾನು ಆಗಿದ್ವು. ಬಿಸಿಲು ಅಂದ್ರ ಬಿಸಿಲು. ಎರಡೂ ಕಡಿ ಹೊಲ ಬಾಯಿ ತೆರಕೊಂಡು ಬಿದ್ದಿದ್ವು. ಔರಾದ ಇನ್ನೂ ಸ್ವಲ್ಪ ದೂರ ಇದ್ದಾಗ ಒಂದು ಹಳ್ಳಿಯಾಗ ಗಾಡಿ ನಿಲ್ಲಿಸಿದ್ವಿ. ಓಣಿ ತುಂಬಾ ಕೀಲಿ ಹಾಕಿದ ಮನಿಗಳು. ಒಂದೇ ಒಂದು ಬಾಗಿಲ ತೆರದಿತ್ತು, ಅದರ ಕಟ್ಟಿ ಮ್ಯಾಲ ಒಬ್ಬಾಕಿ ಮುದುಕಿ ಕುಂತಿದ್ಳು. ಮುಸಲ್ಮಾನರಾಕಿ. ಕಣ್ಣಾಗ ಬಿಳಿ ಪೊರಿ ಬಂದಿತ್ತು. ಆಕಿ ಟೊಂಕಕ್ಕ ಒಂದು ಕರಿ ದಾರ, ಆ ದಾರಕ್ಕ ಏಳು ಕೀಲಿಕೈ! ಒಂದೊಂದಕ್ಕ ಒಂದೊಂದು ಬಟ್ಟಿ ಚೂರು ಕಟ್ಟಿತ್ತು.

ಇವರು ನನ್ನ ಮೊಣಕೈ ತಿವಿದ್ರು. ನಾನು ಗಾಡಿ ಇಳಿದು “ಅಮ್ಮಾ, ಒಂದು ದೊಡ್ಡ ಕೀಲಿಕೈ ಬೇಕಾಗಿತ್ತುರಿ,” ಅಂದೆ.

ಆಕಿ ಎದ್ದು ಬಂದ್ಳು. ನನ್ನ ಮಾರಿ ನೋಡಲಿಲ್ಲ, ಗಾಡಿ ಹ್ಯಾಂಡಲಿನ ಹಸರು ಬಟ್ಟಿ ಹತ್ರ ಬಗ್ಗಿ ನೋಡಿದ್ಳು, ಬೆರಳು ಹಚ್ಚಿ ನೋಡಿದ್ಳು. ಆಕಿ ಮಾರಿ ಹ್ಯಾಂಗ ಅರಳಿತು ಅಂದ್ರ, ಹಲ್ಲಿಲ್ಲದ ಬಾಯಿ ತುಂಬಾ ನಗಿ.

“ಬಂದ್ರೆಪ್ಪಾ! ಬಂದ್ರಿ! ಎಲ್ಲಾ ಖೈರಿಯತ್ ಅದ ಏನ್ ಬೇಟಿ? ತಾಯಿ ಕೂಸು ಆರಾಮ ಹಾರ?”

ನಮ್ಮ ಕಡಿ ಹಿರೇರು ‘ಎಲ್ಲಾರೂ ಆರಾಮ?’ ಅಂದ್ರ ‘ಹೂಂರಿ, ಆರಾಮ’ ಅನ್ನಬೇಕು. ಯಾರ ಬಗ್ಗಿ ಕೇಳ್ತಾರ, ಯಾಕ ಕೇಳ್ತಾರ ಅಂತ ಯಾರೂ ಕೆದಕಲ್ಲ. ಮನ್ಯಾಗ ಜ್ವರ ಬಂದು ಮಲಗಿದ್ರೂ ಆರಾಮೇ. ಸಣ್ಣಾಕಿ ಇದ್ದಾಗಿಂದ ಬಾಯಿಗಿ ಬಂದ ಪಾಠ ಅದು. ಅದೂ ಅಲ್ದ ಮಧ್ಯಾಹ್ನ ದಾಟಿತ್ತು, ಕೀಲಿಕೈ ಕಣ್ಣ ಮುಂದ ಜೋತಾಡ್ಲಕತ್ತಿತ್ತು.

“ಹೂಂರಿ ಅಮ್ಮಾ, ಇಬ್ರೂ ಆರಾಮ ಹಾರ,” ಅಂದೆ.

ಆಕಿ ದಾರದಿಂದ ಒಂದು ಕೀಲಿಕೈ ಬಿಚ್ಚಿ ನನ್ನ ಅಂಗೈಯಾಗ ಇಟ್ಟು, ಮ್ಯಾಲಿಂದ ನನ್ನ ಕೈ ಮುಚ್ಚಿದ್ಳು. ಅದಕ್ಕೂ ಹಸರು ಚಿಂದಿ ಕಟ್ಟಿತ್ತು. ನಾನು ಅದನ್ನ ನೋಡಿದೆ. ನೋಡಿಯೂ ವಿಚಾರ ಮಾಡಲಿಲ್ಲ.

ಔರಾದದಾಗ ಚಹಾ ಕುಡಿಲಕ್ಕ ನಿಂತಾಗ ಇವರು ಕೀಲಿಕೈ ತಿರುಗಿಸಿ ತಿರುಗಿಸಿ ನೋಡಿದ್ರು. ಗೇಣಿಗಿಂತ ಎರಡು ಬೆರಳು ಹೆಚ್ಚೇ ಇತ್ತು. ಟಾಯರ್ ನಮ್ಮವೇ ಅಂತ ನಾನು ಖುಷಿಲೆ ಬಸಿಯಾಗ ಚಹಾ ಸುರುವಿಕೊಂಡೆ.

“ಆಕಿ ಕೇಳಿದ್ದು ಯಾರ ಕೂಸು?” ಅಂದ್ರು ಇವರು.

ಚಹಾದವ ನಮ್ಮ ಕೈಯಾಗಿಂದು ನೋಡಿ ಸುಮ್ನ ಇರಲಿಲ್ಲ. ದುಡಿಲಕ್ಕ ಹೋಗೋ ಮಂದಿ ಸೆರಗು ಹರಿದು ಎರಡು ತುಂಡು ಮಾಡ್ತಾರಂತ. ಒಂದು ತುಂಡು ಕೀಲಿಕೈಗಿ ಕಟ್ಟಿ ಬಾಜೂ ಮನಿಯವರ ಕೈಯಾಗ ಕೊಡ್ತಾರ, ಇನ್ನೊಂದು ಸಂಗಟ ಒಯ್ತಾರ. ಆಮ್ಯಾಲ ಯಾರನ್ನರ ಕಳಿಸಿದ್ರ ಆ ತುಂಡು ಕೊಟ್ಟು ಕಳಿಸ್ತಾರ, ಜೋಡಿ ಹೊಂದಿದ್ರ ಕೀಲಿಕೈ ಸಿಗ್ತದ. “ಓದು ಬರಲಾರದವರ ಚೀಟಿರಿ ಅದು,” ಅಂದ.

ನಾನು ಬಸಿ ಕೆಳಗಿಟ್ಟೆ. ಆಕಿ ನಮಗ ಆ ಕೀಲಿಕೈ ಮನಿಯವರು ಕಳಿಸಿದ ಮಂದಿ ಅಂತ ತಿಳಕೊಂಡಿದ್ಳು. ಆ ಮನಿ ಹೆಣ್ಣಮಗಳು ಬಸುರಿ ಇದ್ದು ಹೋಗಿರಬೇಕು. ತಾಯಿ ಕೂಸು ಆರಾಮ ಹಾರ ಅಂತ ನಾ ಹೇಳಿಬಂದೀನಿ.

ಇವರು ಅರ್ಧ ಕಪ್ಪು ಹಂಗೇ ಬಿಟ್ಟು ಗಾಡಿಗಿ ಕಿಕ್ ಹೊಡೆದ್ರು. ಬೀದರ ಕಡಿ ಹೋಗಬೇಕಾದ ಗಾಡಿ ಹಿಂದಕ್ಕ ತಿರುಗಿತು. “ಟಾಯರ್?” ಅಂದೆ. “ಬಾಯಿ ಮುಚ್ಚಿ ಕುಂದ್ರು,” ಅಂದ್ರು. ಲಗ್ನ ಆದ ಮ್ಯಾಲ ಮೊದಲನೇ ಸಲ ಅವರು ಬೈದಿದ್ದು ನನಗ ಚಲೋ ಅನಿಸಿತು.

ನಾವು ಹೋದಾಗ ಮುದುಕಿ ತನ್ನ ಕಟ್ಟಿ ಮ್ಯಾಲ ಇದ್ದಿಲ್ಲ. ಬಾಜೂ ಮನಿ ಮುಂದ ಇದ್ಳು. ಕೀಲಿ ಹಾಕಿದ ಆ ಬಾಗಿಲ ಮುಂದ ಕಸ ಗುಡಿಸಿ, ಹೊಸ್ತಿಲ ತೊಳೆದಿದ್ಳು. ಮೂರು ದಿನಕ್ಕೊಮ್ಮೆ ಟ್ಯಾಂಕರ್ ಬರೋ ಊರಾಗ ಒಂದು ಕೊಡ ನೀರು ಆ ಹೊಸ್ತಿಲಿಗಿ ಹಾಕಿದ್ಳು. ಹಿಂದಿನ ಓಣಿಯಾಕಿ ಯಾರೋ ಬಂದು ರಂಗೋಲಿ ಎಳದು ಹೋಗಿದ್ಳು. ಮುದುಕಿ ಕೈಯಾಗ ಬೆಲ್ಲದ ಚೂರು.

“ಬಾ ಬೇಟಿ, ಬಾ! ಬೆಲ್ಲ ಹಂಚಿದೆ, ಕೇಳಾದೇ ಮರ್ತುಬಿಟ್ಟೆ ನೋಡು. ಗಂಡೋ ಹೆಣ್ಣೋ?”

ಸಾಲಿಯಾಗ ಐವತ್ತು ಮಕ್ಕಳ ಮುಂದ ಗುಡುಗೋ ಬಾಯಿ ನಂದು. ಆವತ್ತು ತಪ್ಪು ಮಾಡಿದ ಸಾಲಿ ಹುಡುಗಿ ನಾನೇ. ಆಕಿ ಕಾಲ ಹತ್ರ ಕುಂತೆ. ರ್ಯಾಲಿ, ಚೀಟಿ, ಹಸರು ಬಟ್ಟಿ, ನನ್ನ ಹೂಂ, ಒಂದೊಂದೇ ಹೇಳಿದೆ. “ಆ ಹುಡುಗಿ ಯಾರಂತನೇ ನನಗ ಗೊತ್ತಿಲ್ಲರಿ ಅಮ್ಮಾ. ತಪ್ಪಾಯ್ತು,” ಅಂದೆ.

ಬೈತಾಳ ಅಂತ ತಲಿ ಬಗ್ಗಿಸಿದೆ. ಬೈದಿದ್ರ ಚಲೋ ಇತ್ತು. ಆಕಿ ಬೆಲ್ಲದ ಚೂರು ಸೆರಗಿನಾಗ ಗಂಟು ಹಾಕಿದ್ಳು. ಆಮ್ಯಾಲ ಕೀಲಿಕೈ ತಗೊಂಡು ಚಿಂದಿ ಸವರಿದ್ಳು.

“ಇದಕ್ಕ ಅಂಚು ಅದ. ನಿಮ್ಮ ಗಾಡಿದಕ್ಕ ಅಂಚೇ ಇದ್ದಿಲ್ಲ. ನನ್ನ ಬೆರಳಿಗಿ ಆಗಲೇ ಗೊತ್ತಾಗಿತ್ತು ಬೇಟಿ. ಖಬರ್ ಬೇಕಿತ್ತಲ್ಲ ನನಗ, ಬೆರಳಿನ ಮಾತು ಕೇಳಲಿಲ್ಲ.”

ಆಮ್ಯಾಲ ಹೇಳಿದ್ಳು. ಆ ಹುಡುಗಿಗಿ ಇದು ಮೂರನೇದು. ಮೊದಲಿನ ಎರಡೂ ಈ ಮುದುಕಿ ಕೈಯಾಗೇ ಹುಟ್ಟಿದ್ವು, ಎರಡೂ ಅಳಲಿಲ್ಲ. ಬೆನ್ನು ತಟ್ಟಿದ್ಳಂತ, ಕಾಲು ತಿಕ್ಕಿದ್ಳಂತ, ಅಳಲೇ ಇಲ್ಲ. ಈ ಸಲ ಎಂಟು ತಿಂಗಳ ಹೊಟ್ಟಿ ಹೊತ್ತು ಗಂಡನ ಸಂಗಟ ಹೈದ್ರಾಬಾದಿಗಿ ಇಟ್ಟಂಗಿ ಹೊರ್ಲಕ್ಕ ಹೋದ್ಳು. ದಿನ ತುಂಬಿ ಹದಿನೈದು ದಿನ ದಾಟಿತ್ತು, ಸುದ್ದಿ ಇಲ್ಲ.

“ಒಂದು ನಂಬರ್ ಕೊಟ್ಟು ಹೋಗ್ಯಾಳ,” ಅಂತ ರವಿಕಿಯೊಳಗಿಂದ ಮಡಚಿದ ಕಾಗದ ತೆಗೆದ್ಳು. ಬೆವರಿಗಿ ಅಂಕಿ ಕದಡಿದ್ವು, ಆದ್ರೂ ಓದ್ಲಕ್ಕ ಬರ್ತಿದ್ವು.

“ಇಷ್ಟು ದಿನ ಯಾಕ ಹಚ್ಚಿಸಲಿಲ್ಲರಿ?” ಅಂದೆ.

“ಅಂಜಿಕಿ,” ಅಂದ್ಳು.

ಇವರು ಗಾಡಿ ಸೀಟು ಒರೆಸಿದ್ರು. “ಏಳ್ರಿ ಅಮ್ಮಾ, ಔರಾದಕ್ಕ ಹೋಗಾಮು.”

ನಡುವ ಮುದುಕಿ, ಹಿಂದ ನಾನು. ಆಕಿ ಹುಟ್ಟಿದಾಗಿಂದ ಮೋಟರ್ ಸೈಕಲ್ ಮ್ಯಾಲ ಕುಂತಾಕಿ ಅಲ್ಲ, ಒಂದೊಂದು ತಗ್ಗಿಗಿ ‘ಯಾ ಅಲ್ಲಾ’ ಅಂತಿದ್ಳು. ನಾನು ಹಿಂದಿಂದ ತೆಕ್ಕಿ ಹಾಕಿ ಹಿಡಕೊಂಡಿದ್ದೆ. ಆಕಿ ಎದಿ ಹೊಡಕೊಳ್ಳೋದು ನನ್ನ ಕೈಗಿ ತಿಳೀತಿತ್ತು.

ಬೂತಿನಾಗ ನಂಬರ್ ಹಚ್ಚಿದೆ. ಅಲ್ಲಿ ಯಾವುದೋ ಕಿರಾಣಿ ಅಂಗಡಿ. ಹುಡುಗಿ ಹೆಸರು ಹೇಳಿದೆ. ಕರಿಸ್ತೇನಿ, ಅರ್ಧ ತಾಸು ಬಿಟ್ಟು ಮಾಡ್ರಿ ಅಂದ ಅಂಗಡಿಯವ. ತಾಯಿ ಕೂಸಿನ ಸುದ್ದಿ ಏನರ ಅದನಾ ಅಂತ ಕೇಳ್ಲಕ್ಕ ಬಾಯಿ ತೆರದೆ. ಅಷ್ಟರಾಗ ಲೈನ್ ಕಟ್ ಆಯ್ತು.

ಆ ಅರ್ಧ ತಾಸು ನಾವು ಮೂವರೂ ಬೂತಿನ ಬೆಂಚಿನ ಮ್ಯಾಲ ಸಾಲಾಗಿ ಕುಂತಿದ್ವಿ. ರ್ಯಾಲಿ ಗಾಡಿಗಳು ಕೆಂಪು, ಹಳದಿ ಬಟ್ಟಿ ಹಾರಿಸಿಕೋತ ಬೀದರ ಕಡಿ ಹೋದ್ವು. ಒಬ್ಬ ಹಾರ್ನ್ ಹೊಡೆದು ಕೈ ಬೀಸಿದ. ಇವರು ತಿರುಗಿ ನೋಡಲಿಲ್ಲ. ನಾನು ಎಲ್ಲಾ ದೇವರಿಗಿ, ಬಸವಣ್ಣನಿಗಿ, ದರ್ಗಾದಾಗಿನ ಪೀರನಿಗಿ, ಒಂದೇ ಹರಕಿ ಹೊತ್ತೆ: ನನ್ನ ಹೂಂ ಸುಳ್ಳಾಗಬಾರದು.

ಮತ್ತ ಹಚ್ಚಿದಾಗ ಆ ಕಡಿಂದ ಒಂದು ಸಣ್ಣ ಹೆಣ್ಣುದನಿ ‘ಹಲೋ’ ಅಂತು. ನಾನು ಏನೂ ಕೇಳಲಾರದ ರಿಸೀವರ್ ಮುದುಕಿ ಕಿವಿಗಿ ಹಚ್ಚಿದೆ.

“ಬೇಟೀ...” ಅಂದ್ಳು. ಆಮ್ಯಾಲ ಬರೇ ಕೇಳಿದ್ಳು. ಮಾರಿ ಮ್ಯಾಲ ಏನೂ ತಿಳೀಲಿಲ್ಲ ನಮಗ. ಆಕಿ ಕೈ ನನ್ನ ಮುಂಗೈ ಗಟ್ಟಿ ಹಿಡಿದಿತ್ತು.

“ಹೆಣ್ಣಾ?” ಅಂದ್ಳು. ಮತ್ತ ಸ್ವಲ್ಪ ತಡದು, “ಬಾಜೂಕ ಅದ ಏನು? ಅಳಸು. ನನ್ನ ಸಲುವಾಗಿ ಒಮ್ಮಿ ಅಳಸು ಬೇಟಿ.”

ಹುಡುಗಿ ಕೂಸಿಗಿ ಚಿವುಟಿದ್ಳೋ ಏನೋ. ಆ ಕೂಸು ಎಂಥಾ ಜೋರಾಗಿ ಚೀರಿತು ಅಂದ್ರ ಬೂತಿನ ಹೊರಗ ನಿಂತ ಇವರಿಗೂ ಕೇಳಿಸಿತು. ನಾನು ಅಲ್ಲೇ ಗ್ವಾಡಿಗಿ ಹಣಿ ಹಚ್ಚಿ ಅತ್ತೆ. ಮುದುಕಿ ಅಳಲಿಲ್ಲ. ಕಣ್ಣು ಮುಚ್ಚಿ, ಊಟ ಮಾಡೋರಂಗ ಸಾವಕಾಶ, ಅದರ ಅಳು ಕೇಳ್ಕೋತ ನಿಂತಿದ್ಳು.

ಆಮ್ಯಾಲ ನನ್ನ ಜಗ್ಗಿ, ರಿಸೀವರ್ ನನ್ನ ಕಿವಿಗಿ ಒತ್ತಿದ್ಳು.

“ನೀನೂ ಕೇಳು ಬೇಟಿ. ಛಂದಾಗಿ ಕೇಳು. ಈಗ ನಾ ಕೇಳ್ತೇನಿ, ನೀ ಹೇಳು. ತಾಯಿ ಕೂಸು ಆರಾಮ ಹಾರ?”

“ಹೂಂರಿ ಅಮ್ಮಾ,” ಅಂದೆ.