ಶೇವಂತೆವ್ವನ ಹಗ್ಗ ಎಂಟು ಮಾರು

"ಇನ್ನೂ ಎಷ್ಟ ಕೆಳಗ ಹೋಗಿ ಕುಂದರತಿ?"

ನಸುಕಿನಲ್ಲಿ ಬಾವಿಯ ಕಟ್ಟೆಗೆ ಎದೆಯೊತ್ತಿ ನಿಂತು ಶೇವಂತೆವ್ವ ನೀರಿಗೆ ಕೇಳುವ ಈ ಪ್ರಶ್ನೆಗೆ ಉತ್ತರಿಸಲು ಸುತ್ತ ಯಾರೂ ಇಲ್ಲ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಪಾತಾಳಗರಡಿ. ಒಂದು ಕಬ್ಬಿಣದ ಬಳೆ, ಅದರ ಸುತ್ತ ಹನ್ನೆರಡು ಕೊಕ್ಕೆ. ಬಾವಿಗೆ ಬಿದ್ದ ಕೊಡ, ಬಕೀಟುಗಳನ್ನು ಎತ್ತುವ ಸಾಧನ. ಶಿವನಾಮ ಹೇಳುತ್ತ ಅದನ್ನು ಇಳಿಬಿಡುತ್ತಾರೆ. ಮೊದಲೆಲ್ಲ ಮೂರು ಸಲ ಹೇಳುವಷ್ಟರಲ್ಲಿ ಗರಡಿ ನೀರು ಮುಟ್ಟುತ್ತಿತ್ತು. ಈಗ ಹನ್ನೊಂದಾದರೂ ಸಪ್ಪಳವಿಲ್ಲ.

"ನೀರ ಕಡಿಮಿ ಆತು, ಧ್ಯಾನ ಹೆಚ್ಚಾತು" ಎನ್ನುತ್ತಾರೆ.

ದೇವರ ಹಿಪ್ಪರಗಿಯಲ್ಲಿ ಬಸ್ಸಿಳಿದು ಐದು ಮೈಲಿ ನಡೆದರೆ ಸಿಗುವ ಈ ಊರಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಬಾವಿಗೆ ಬಿದ್ದದ್ದನ್ನೆಲ್ಲ ಎತ್ತುವವರು ಇವರೇ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಕೊಡ, ಮಳೆಗಾಲದಲ್ಲಿ ಒಂದೋ ಎರಡೋ. ಊರಿಗೊಂದು ಬೋರ್ ಇದೆ. ಆದರೆ ಅದರ ಸವಳು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಹೀಗಾಗಿ ಬೋರಿನ ನೀರು ಬಚ್ಚಲಿಗೆ, ಬಾವಿಯ ನೀರು ಒಲೆಗೆ. ಈ ಕೆಲಸಕ್ಕೆ ಸಂಬಳವಿಲ್ಲ, ಹಬ್ಬಕ್ಕೆ ಹೋಳಿಗೆ ಬರುತ್ತದೆ. ಹೊಟ್ಟೆಪಾಡಿಗೆ ಕಂಡವರ ಹೊಲದಲ್ಲಿ ಕಳೆ ತೆಗೆಯುವುದು ಇದ್ದೇ ಇದೆ. ಹಗ್ಗ ಉಜ್ಜಿ ಉಜ್ಜಿ ಅಂಗೈ ತುಂಬ ಗೆರೆ ಬಿದ್ದಿದೆ. ಕೈ ನೋಡಲು ಬಂದ ಜ್ಯೋತಿಷಿಯೊಬ್ಬ, "ಇದರಾಗ ಆಯುಷ್ಯದ ಗೆರಿ ಯಾವುದು, ಹಗ್ಗದ ಗೆರಿ ಯಾವುದು ತಿಳೀವಲ್ದು" ಎಂದು ಎದ್ದುಹೋದನಂತೆ.

ಎತ್ತಿದ್ದರಲ್ಲಿ ಅವರಿಗೆ ಮರೆಯಲಾಗದ್ದು ಸಾಲಿ ಮಾಸ್ತರರ ಹಲ್ಲಿನ ಸೆಟ್ಟು. ನೀರು ಎಷ್ಟಿದೆ ಎಂದು ಬಗ್ಗಿ ನೋಡುವಾಗ ಮಾಸ್ತರರಿಗೆ ಸೀನು ಬಂದಿತ್ತು. "ಎರಡ ದಿನ ಹುಡಿಕಿದೆ. ಅಲ್ಲೀತನಕಾ ಅವರು ಏನ ಬೈದ್ರೂ ಹುಡುಗೂರಿಗೆ ಆಶೀರ್ವಾದ ಕೇಳಿದಂಗ ಆಗೂದು."

ಅವರ ಹಗ್ಗ ಒಂದೇ ಹಗ್ಗವಲ್ಲ. ಮೇಲಿನ ನಾಲ್ಕು ಮಾರು ಅತ್ತೆ ಹೊಸೆದ ಪುಂಡಿನಾರು. ಎರಡು ತೋಳು ಚಾಚಿದಷ್ಟು ಉದ್ದ ಒಂದು ಮಾರು. ಅತ್ತೆಯ ಕಾಲಕ್ಕೆ ಅಷ್ಟು ಸಾಕಾಗುತ್ತಿತ್ತು. ಕೆಳಗಿನದು ಹಳದಿ ಪ್ಲಾಸ್ಟಿಕ್ ಹಗ್ಗ, ಇವರ ಕಾಲದ್ದು.

"ಮದಲ ಉತ್ತರಿ ಮಳಿ ಮೂರ ದಿನ ಜಿಟಿಜಿಟಿ ಹಿಡೀತಿತ್ತರಿ, ನೆಲಾ ಕುಡೀತಿತ್ತು. ಈಗಿನ ಮಳಿ ಒಂದ ತಾಸಿನ್ಯಾಗ ಎಲ್ಲಾ ಸುರುವಿ, ಬಸ್ಸ ತಪ್ಪತೈತಿ ಅನ್ನೂವರಂಗ ಓಡತೈತಿ."

ಓಡುವ ಆ ನೀರನ್ನು ನಿಲ್ಲಿಸಲೆಂದೇ ಎಂಟು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ಊರ ಮೇಲಿನ ಇಳಿಜಾರಿನ ಎರೆಹೊಲಗಳಿಗೆ ಅಡ್ಡಲಾಗಿ ಒಡ್ಡು ಹಾಕಿದರು. ಶೇವಂತೆವ್ವನೂ ಬುಟ್ಟಿಗಟ್ಟಲೆ ಮಣ್ಣು ಹೊತ್ತರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂಬತ್ತು ಮಾರಿಗೆ ಇಳಿದಿದ್ದ ನೀರು ಐದಕ್ಕೆ ಏರಿ ಬಂತು. "ಉಳದ ಹಗ್ಗಾ ಬಿಚ್ಚಿ ಅರಿವಿ ಒಣಹಾಕಾಕ ಕಟ್ಟಿದ್ದೆ."

ಹೋದ ವರ್ಷ ಮೇಲಿನ ಹೊಲದ ಖಂಡೆಪ್ಪ, ತೊಗರಿಯಲ್ಲಿ ನೀರು ನಿಂತು ಎಲೆ ಹಳದಿಯಾಯಿತೆಂದು ಒಡ್ಡನ್ನು ಬುಡದವರೆಗೆ ಕಡಿದುಬಿಟ್ಟ. ನುಗ್ಗಿದ ನೀರಿಗೆ ಕೆಳಗಿನ ಎರಡು ಒಡ್ಡು ಒಡೆದು, ಮಣ್ಣೂ ನೀರೂ ಕೂಡಿ ಹಳ್ಳ ಸೇರಿದವು. ಬಾವಿ ಈಗ ಎಂಟು ಮಾರು. ಅರಿವೆಯ ಹಗ್ಗ ಮತ್ತೆ ಗರಡಿಗೆ ಬಂದಿದೆ. ಉತ್ತರಿ ಮಳೆಗೆ ಇನ್ನು ಹನ್ನೆರಡೇ ದಿನ. ಅದೂ ಹೀಗೇ ಹರಿದುಹೋದರೆ ಶಿವರಾತ್ರಿಗೆ ಬಾವಿಯಲ್ಲಿ ಕೆಸರು, ಊರ ಒಲೆಯ ಮೇಲೆ ಬೇಯದ ಬೇಳೆ.

ಅಷ್ಟರಲ್ಲಿ ಖಂಡೆಪ್ಪನೇ ಹೆಗಲ ಮೇಲೆ ತಾಮ್ರದ ಹಂಡೆ ಹೊತ್ತು ಬರುತ್ತಾನೆ. ಅಪರೂಪಕ್ಕೆ ತಾವೇ ಎತ್ತಿಕೊಳ್ಳಲು ಗರಡಿ ಒಯ್ಯುವವರು ಒತ್ತೆಗೊಂದು ಪಾತ್ರೆ ಇಡಬೇಕೆಂಬುದು ಇಲ್ಲಿಯ ರೂಢಿ. ನಿನ್ನೆ ಸಂಜೆ ಅವನ ಹೆಂಡತಿ ಸುವರ್ಣಾಳ ಮದುವೆಯ ಕೊಡ ಬಾವಿಗೆ ಬಿದ್ದಿದೆ.

"ದೊಡವ್ವ, ಕೊಡಾ ಬರೂತನಕಾ ಮನ್ಯಾಗ ಚಾ ಬಂದ್. ಹಂಡೆ ಇಟಗೊ, ಗರಡಿ ಕೊಡು."

"ಹಂಡೆ ಇಟಗೊಂಡು ಏನ ಮಾಡ್ಲಿ? ತುಂಬಾಕ ನೀರ ಎಲ್ಲೈತಿ? ಒಡ್ಡ ಕಟ್ಟು."

"ನನ್ನ ತೊಗರಿ ಕೊಳತರ ನೀ ಕೊಡತಿ?"

"ಕೊಳೀಲಿ ಅಂತ ಯಾರ ಅಂದ್ರು? ಮೊಣಕಾಲಮಟ ಕಲ್ಲ ಹೊಂದಿಸಿ ಕೋಡಿ ಮಾಡು. ಹೆಚ್ಚಿಂದ ಮ್ಯಾಲಿಂದ ಹೋಗ್ಲಿ, ಉಳದದ್ದು ಇಂಗಲಿ. ಬುಡಕ್ಕ ಕಡದು ಕುಂತೀದಿ, ಕ್ಷೌರದವ್ನಂಗ."

ಖಂಡೆಪ್ಪ ಹಂಡೆಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸುತ್ತಾನೆ. "ಸೋಮಾರ ಕಟ್ಟತೇನಿ. ದೇವರಾಣಿ."

"ಹೋದ ವರ್ಸದಿಂದ ಎಷ್ಟ ಸೋಮಾರ ಬಂದುವು? ದೇವರನ್ಯಾಕ ನಡುವ ತರತಿ, ಅವಗೇನು ಹೊಲಾ ಐತೇನ?"

"ಹಂಗಾರ ಒಂದ ತಾಸಿಗೆ ಕೊಡು. ಚಾ ಕುಡದು ಸೀದಾ ಹೊಲಕ್ಕ ಹೊಕ್ಕೇನಿ."

ಶೇವಂತೆವ್ವ ಹಗ್ಗವನ್ನು ಸುತ್ತಿ, ಗರಡಿಯನ್ನು ಕಂಕುಳಲ್ಲಿ ಅವುಚಿಕೊಳ್ಳುತ್ತಾರೆ.

"ಕೊಡೂದಿಲ್ಲ."