ಅಪ್ಪನ ಗಾಡಿಯ ಏರ್ ಸ್ಕ್ರೂ

ಅಪ್ಪನ ಟೂ-ಸ್ಟ್ರೋಕ್ ಗಾಡಿಯನ್ನು ಮೈಸೂರಿನ ಯಾವುದೋ ಕಾಫಿ ಅಂಗಡಿಯವರು ಗೋಡೆಗೆ ನೇತುಹಾಕಲು ಕೇಳುತ್ತಿದ್ದಾರೆ ಎಂದು ಅಣ್ಣ ಫೋನಿನಲ್ಲಿ ಹೇಳಿದಾಗ ನಾನು ನಂಜನಗೂಡಿನ ನಮ್ಮ ಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ. ಕೋಲು ಕೈಯಲ್ಲೇ ಇತ್ತು. ಅವನು ಟಿ. ನರಸೀಪುರದಲ್ಲಿದ್ದ, ಬದುಕಿಕೊಂಡ.

"ಕೆಳ್ಗಿಂದ ಲೈಟ್ ಬುಡ್ತಾರಂತೆ ಕಣವ್ವ. ಅಪ್ಪನ್ಗೂ ಒಂದ್ ಮರ್ವಾದೆ ಅಲ್ವಾ?"

"ಅಪ್ಪನ್ ಫೋಟೋನೂ ಕೊಡು, ಪಕ್ಕದಲ್ಲೇ ನೇತಾಕ್ಲಿ" ಎಂದೆ.

ನರಸೀಪುರದಲ್ಲಿ ಅಪ್ಪನ ಗ್ಯಾರೇಜು ಇತ್ತು. ರಸ್ತೆಯಲ್ಲಿ ಓಡುವ ಗಾಡಿಯೊಂದರ ಲೈಟು, ಮಡ್‌ಗಾರ್ಡು ಎಲ್ಲ ಕಿತ್ತು, ಸೈಲೆನ್ಸರ್ ಮೇಲೆತ್ತಿ ಕಟ್ಟಿ, ಹಲ್ಲು ಹಲ್ಲಿನ ಟೈರು ಹಾಕಿ ಅವರು ಅದನ್ನು ಮಣ್ಣಿನ ರೇಸಿಗೆ ಸಜ್ಜು ಮಾಡಿದ್ದರು. ಅದನ್ನು ಓಡಿಸಲು, ಅದರ ಹದ ಕೂರಿಸಲು ಅವರಿಂದ ಕಲಿತವಳು ನಾನು. ಅಣ್ಣನಿಗೆ ಪೆಟ್ರೋಲ್ ವಾಸನೆಗೇ ತಲೆನೋವು. ಆದರೂ ಅಪ್ಪ ತೀರಿಕೊಂಡ ಮೇಲೆ ಗಾಡಿ ಅವನ ಪಾಲಿಗೆ ಹೋಯಿತು, ಗಂಡುಮಗ ನೋಡಿ. ನನಗೆ ಬಂದದ್ದು ಒಂದು ಸೀರೆ, ಒಂದು ಹಿತ್ತಾಳೆ ಕೊಳಗ. ಆ ಹೊಟ್ಟೆಯುರಿ ನನಗೆ ಇವತ್ತಿಗೂ ಇದೆ, ಸುಳ್ಳೇಕೆ ಹೇಳಲಿ.

ಹನ್ನೊಂದು ವರ್ಷದಲ್ಲಿ ಅಣ್ಣ ಅದನ್ನು ಒಂದು ಸಲವೂ ಸ್ಟಾರ್ಟ್ ಮಾಡಲಿಲ್ಲ. ಪೂಜೆಗೆ ಮಾತ್ರ ಕೊರತೆಯಿಲ್ಲ. ಪ್ರತಿ ಆಯುಧಪೂಜೆಗೂ ಹಾರ, ನಿಂಬೆಹಣ್ಣು, ಮೇಲಿಂದ ಕೆಳಗಿನವರೆಗೆ ಮೂರು ಬೆರಳಿನ ವಿಭೂತಿ. ಒಂದು ತೊಟ್ಟು ಎಣ್ಣೆ ಬಿಟ್ಟು ಬೇರೆಲ್ಲ ಹಾಕಿದ್ದ.

ಗೋಡೆಗೆ ಕೊಡಬೇಡ ಎಂದು ನಾನು ಆ ದಿನ ಫೋನಿನಲ್ಲಿ ಕೂಗಾಡಿದ್ದಕ್ಕೆ ಅವನೊಂದು ಷರತ್ತು ಹಾಕಿದ. "ಆಯ್ತು. ಈ ತಿಂಗ್ಳು ಕೊನೆ ಭಾನ್ವಾರದೊಳ್ಗೆ ನೀನೇ ಓಡಿಸ್ಕಂಡು ನನ್ ಬಾಗ್ಲಿಗೆ ಬಾ. ಬಂದ್ರೆ ನಿಂದೇ, ಮಡೀಕೊ. ಇಲ್ದಿದ್ರೆ ಗೋಡೆಗೆ." ಮಾತಿನ ತುದಿಯಲ್ಲಿ ನಗು ಕೇಳಿಸಿತು. ಮಾರನೆಯ ದಿನವೇ ಗೂಡ್ಸ್ ಆಟೋದಲ್ಲಿ ಗಾಡಿಯನ್ನು ಮಲಗಿಸಿ ಕಳಿಸಿದ.

ಕಾರ್ಬುರೇಟರ್ ಎಂದರೆ ಇಂಜಿನ್ನಿನ ಅಡುಗೆಮನೆ. ಗಾಳಿಗೂ ಪೆಟ್ರೋಲಿಗೂ ಅಲ್ಲಿ ಹದ ಬೀಳಬೇಕು. ಪಕ್ಕದಲ್ಲಿ ಒಂದು ಪುಟ್ಟ ಹಿತ್ತಾಳೆ ಸ್ಕ್ರೂ ಇರುತ್ತದೆ, ಅದೇ ಏರ್ ಸ್ಕ್ರೂ. ಬಿಚ್ಚಿದರೆ ಗಾಳಿ ಹೆಚ್ಚು, ಬಿಗಿದರೆ ಕಡಿಮೆ. ನಾನು ಎಲ್ಲ ಬಿಚ್ಚಿ, ಒಳಗೆಲ್ಲ ತೊಳೆದು, ಹೊರಗೆಲ್ಲ ಸೀಮೆಎಣ್ಣೆಯಲ್ಲಿ ಉಜ್ಜಿದೆ. ಗಾಳಿ ಎಳೆಯುವ ಬಾಯಿಯ ಅಂಚಿನಲ್ಲಿ ಮಾತ್ರ ವಿಭೂತಿ ದಪ್ಪಗೆ ಕೂತಿತ್ತು. ಅದಕ್ಕೆ ಬಟ್ಟೆ ತಾಗಿಸಲು ಕೈ ಬರಲಿಲ್ಲ. ಅಪ್ಪನ ಗಾಡಿ, ಶಿವನ ಗುರುತು, ಇರಲಿ ಎಂದು ಕೈಮುಗಿದು ಬಿಟ್ಟೆ.

ಇಪ್ಪತ್ತು ಒದೆತಕ್ಕೆ ಒಮ್ಮೆ ಸ್ಟಾರ್ಟ್ ಆಗುತ್ತಿತ್ತು. ಗೊಳಗೊಳ ಅಂದು, ಬೀದಿಗೆಲ್ಲ ಹೊಗೆ ಹಾಕಿ ಸಾಯುತ್ತಿತ್ತು. ಪ್ಲಗ್ ಬಿಚ್ಚಿದರೆ ಒದ್ದೆ, ಕಾಡಿಗೆಯಂತೆ ಕಪ್ಪು. ಪೆಟ್ರೋಲು ಹೊಟ್ಟೆ ಬಿರಿಯುವಷ್ಟಿದೆ, ಗಾಳಿ ಸಾಲುತ್ತಿಲ್ಲ ಎಂದು ಅದರ ಅರ್ಥ.

ಹೊಗೆ ಕಂಡದ್ದೇ ತಡ, ಪಂಡಿತರು ಬಂದರು. ನಮ್ಮೂರಿನಲ್ಲಿ ಐವತ್ತು ದಾಟಿದ ಗಂಡಸರೆಲ್ಲ ಟೂ-ಸ್ಟ್ರೋಕ್ ಪಂಡಿತರೇ. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್, ಸ್ಪ್ಯಾನರ್ ಹಿಡಿದು ಕೂತ ನನ್ನನ್ನು ದಾಟಿಕೊಂಡು ನನ್ನ ಗಂಡನಿಗೆ ಹೇಳಿದರು: "ಅರ್ಧ ಸುತ್ತು ಬಿಚ್ಚಿ ಸಾ, ಗಾಳಿ ತಕ್ಕಂಡು ಒಂಟೋಯ್ತದೆ." ಹೇಳಿ ತಾವೇ ತಿರುಗಿಸಿದರು. ನನ್ನ ಗಂಡ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವರು. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ, "ಇಲ್ಲ, ಕಾಲು ಸುತ್ತು ಬಿಗೀಬೇಕು" ಎಂದು ಬಿಗಿದರು. ಹಾಲಿನವನೂ ಕ್ಯಾನು ಕೆಳಗಿಟ್ಟು ತನ್ನ ಪಾಲಿನ ಕಾಲು ಸುತ್ತು ತಿರುಗಿಸಿ ಹೋದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಮೂರು ವಾರ ಆ ಬಡಪಾಯಿ ಸ್ಕ್ರೂ ಸುತ್ತಿದ್ದೇ ಸುತ್ತಿದ್ದು, ಗಾಡಿ ಮಾತ್ರ ಗೇಟು ದಾಟಲಿಲ್ಲ.

ಕೊನೆಯ ಶನಿವಾರ ಬಂತು. "ಗೋಡೆ ಮೇಲಿದ್ರೆ ಏನಂತೆ? ಹೋಗಿ ನೋಡ್ಕೊಂಡು, ಕಾಫಿ ಕುಡ್ಕೊಂಡು ಬರಬಹುದು" ಎಂದು ಗಂಡ ಸಮಾಧಾನ ಹೇಳಿದರು.

"ನೀವೇ ಓಗಿ ಅದ್ರ ಕೆಳ್ಗೆ ಕೂತ್ಕಳಿ" ಎಂದು ಅವರನ್ನೂ ಡ್ರೈವರನ್ನೂ ಆಚೆಗಟ್ಟಿ ಗೇಟು ಹಾಕಿದೆ. ಅಳು ಬರುತ್ತಿತ್ತು. ಅವರೆದುರು ಅಳುವ ಆಸೆ ನನಗಿರಲಿಲ್ಲ.

ಒಬ್ಬಳೇ ಒದ್ದು ಒದ್ದು ಸ್ಟಾರ್ಟ್ ಮಾಡಿ ಕೂತು, ಒಂದು ಕೈಯಲ್ಲಿ ಸ್ವಲ್ಪವೇ ಆಕ್ಸಿಲರೇಟರ್ ಹಿಡಿದು, ಇನ್ನೊಂದು ಕೈಯಲ್ಲಿ ಸ್ಕ್ರೂವನ್ನು ಪೂರ್ತಿ ಬಿಗಿದೆ. ಆಮೇಲೆ ಪೂರ್ತಿ ಬಿಚ್ಚಿದೆ. ಇಂಜಿನ್ನಿನ ಸದ್ದು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಆಗ ಅಪ್ಪ ಹೇಳಿಕೊಟ್ಟದ್ದು ನೆನಪಿಗೆ ಬಂತು. "ಸ್ಕ್ರೂ ತಿರುಗುಸುದ್ರೂ ಸದ್ದು ಬದ್ಲಾಗ್ನಿಲ್ಲ ಅಂದ್ರೆ ತಪ್ಪು ಸ್ಕ್ರೂದಲ್ಲ ಕಣವ್ವ. ಗಾಳಿ ಬರೋ ದಾರಿ ನೋಡು."

ನೋಡಿದೆ. ಆ ಸ್ಕ್ರೂವಿಗೆ ಗಾಳಿ ಹೋಗುವುದು ಕಾರ್ಬುರೇಟರಿನ ಬಾಯಂಚಿನ ಎಳ್ಳಿನಷ್ಟು ದೊಡ್ಡ ತೂತಿನಿಂದ. ತೂತು ಎಲ್ಲಿ? ವಿಭೂತಿಯ ಅಡಿಯಲ್ಲಿ! ಹನ್ನೊಂದು ಆಯುಧಪೂಜೆಯ ವಿಭೂತಿ ಒಂದರ ಮೇಲೊಂದು ಕೂತು ಗಾರೆಯಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ನನ್ನಣ್ಣನಂಥವರನ್ನು ನೋಡಿಯೇ ಇರಬೇಕು. ನಗು ಬಂತು, ಹಿಂದೆಯೇ ಮೈಯೆಲ್ಲ ಉರಿಯಿತು. ಬಳಿದವನು ಅವನು ಸರಿ, ಕೈಮುಗಿದು ಹಾಗೇ ಬಿಟ್ಟ ಜಾಣೆ ಯಾರು?

"ತಪ್ಪಾಯ್ತು ಶಿವನೇ" ಎಂದು ನೀರು ಹನಿಸಿ ನೆನೆಸಿ, ಪೊರಕೆ ಕಡ್ಡಿಯಿಂದ ಬಿಡಿಸಿ, ಸೈಕಲ್ ಪಂಪಿನಲ್ಲಿ ಊದಿದೆ. ಹೊಸ ಪ್ಲಗ್ ಹಾಕಿ ಒದ್ದೆ. ಎರಡನೆಯ ಒದೆತಕ್ಕೇ ಹಿಡಿಯಿತು. ಸ್ಕ್ರೂ ಒಂಚೂರು ತಿರುಗಿಸಿದರೆ ಸದ್ದು ಏರಿತು, ಇನ್ನೊಂಚೂರಿಗೆ ಇಳಿಯಿತು. ನಡುವೆ ಎಲ್ಲಿ ಅದು ಅಪ್ಪನ ಕಾಲದ ಹಾಗೆ ಕಣಕಣ ಅಂದಿತೋ ಅಲ್ಲಿ ಕೈಬಿಟ್ಟೆ. ಗೇಟಿನ ಆಚೆಯಿಂದ ಡ್ರೈವರ್ ಕೂಗಿದರು: "ನಾ ಏಳ್ನಿಲ್ವಾ ಸಾ, ಅರ್ಧ ಸುತ್ತು ಅಂತ!"

ಭಾನುವಾರ ಬೆಳಿಗ್ಗೆ ಹೊರಟೆ. ಸುತ್ತೂರಿನ ಕಡೆಯಿಂದ, ಆದಷ್ಟೂ ನಾಲೆ ಏರಿಯ ಮಣ್ಣುದಾರಿ ಹಿಡಿದೇ ಹೋದೆ. ಸೀರೆಗೆ ಒಪ್ಪುವ ಗಾಡಿಯಲ್ಲ, ಗಂಡನ ಪ್ಯಾಂಟು ಹಾಕಿದ್ದೆ. ಕಬ್ಬಿನ ಗದ್ದೆಯವರು ಕತ್ತಿ ನಿಲ್ಲಿಸಿ ನೋಡಿದರು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಅಣ್ಣ ಬಾಗಿಲಲ್ಲೇ ನಿಂತಿದ್ದ. ಸದ್ದು ಬೀದಿಯ ತುದಿಯಲ್ಲೇ ಅವನಿಗೆ ಗೊತ್ತಾಗಿರಬೇಕು. ಗಾಡಿಯನ್ನು ಒಂದು ಸುತ್ತು ಬಂದ. ಒಳಗೆ ಹೋಗಿ ವಿಭೂತಿ ತಟ್ಟೆ ತಂದ. ಕಣ್ಣು ಒದ್ದೆಯಾಗಿತ್ತು. ಅಭ್ಯಾಸಬಲ, ಮೂರು ಬೆರಳು ಅದ್ದಿಕೊಂಡು ನೇರ ಕಾರ್ಬುರೇಟರಿಗೇ ಬಗ್ಗಿದ.

ಅವನ ಮಣಿಕಟ್ಟು ಹಿಡಿದುಕೊಂಡೆ. "ಅದು ಉಸ್ರಾಡ್ಲಿ ಬುಡು ಅಣ್ಣ. ಅನ್ನೊಂದ್ ವರ್ಸ ಅದ್ಕೇ ಅಚ್ದೆ. ಈಗ ನನ್ ಅಣೆಗಚ್ಚು."

ಅವನ ಕೈ ಅಲ್ಲೇ ನಿಂತಿತು. ನಾನು ಹೆಲ್ಮೆಟ್ ತೆಗೆದು ಕಾದೆ. ಹಚ್ಚಿದ. ಅಷ್ಟು ಹೊತ್ತೂ ನಾನು ಇಂಜಿನ್ ಆರಿಸಲಿಲ್ಲ.