ಪಾವಟಿಗೆ ಬಾವಿಯ ಶಿವಲಿಂಗವ್ವ

ಅಸಂಗಿಯ ಕಡೆಯಿಂದ ಬಾಲಗಾಂವಕ್ಕೆ ಹೋಗುವ ಬಂಡಿದಾರಿಯಲ್ಲಿ ಆಗ ಒಂದು ಸಣ್ಣ ವಸ್ತಿ ಇತ್ತು. ಬೆರಳೆಣಿಕೆಯ ಮನೆಗಳು, ಒಂದು ಬೇವಿನಮರದ ಕಟ್ಟೆ, ಎಲ್ಲರಿಗೂ ಸೇರಿ ಒಂದೇ ಬಾವಿ. ಆ ಬಾವಿಗೆ ಹಗ್ಗವೂ ಇರಲಿಲ್ಲ, ಗಡಗಡೆಯೂ ಇರಲಿಲ್ಲ. ಕಲ್ಲಿನ ಪಾವಟಿಗೆಗಳನ್ನು ಇಳಿದುಹೋಗಿ, ನೀರಿನಲ್ಲಿ ನಿಂತು, ಕೊಡವನ್ನು ಮುಳುಗಿಸಿಕೊಂಡು ಮೇಲೆ ಬರಬೇಕು. ಬಿಸಿಲು ಏರಿದಂತೆ ನೀರು ತಳ ಸೇರುತ್ತಿತ್ತು. ಹೆಂಗಸರು ಇಳಿಯುವ ಪಾವಟಿಗೆಗಳು ಹೆಚ್ಚುತ್ತಿದ್ದವು. ಬಾವಿಗೆ ಮೋರೆ ಮಾಡಿ ನಿಂತಿದ್ದ ಮೊದಲ ಮನೆಯೇ ಶಿವಲಿಂಗವ್ವನದು.

ಶಿವಲಿಂಗವ್ವ ನಾರುಹುಣ್ಣಿಗೆ ಔಷಧ ಕಟ್ಟುವವಳು. ನಾರು ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಕಾಲಿನಲ್ಲಿ ಮೊದಲು ಬೆಂಕಿಯಂಥ ಉರಿ. ಅನಂತರ ಒಂದು ಬೊಕ್ಕೆ. ಬೊಕ್ಕೆ ಒಡೆದರೆ ಬಿಳಿಯ ನೂಲಿನಂಥ ಹುಳು ತಲೆ ಹೊರಗೆ ಹಾಕುತ್ತದೆ. ಮೊಳಕ್ಕೂ ಮಿಕ್ಕಿ ಉದ್ದವಾದ ಆ ಹುಳುವನ್ನು ಅವಸರದಿಂದ ಎಳೆದರೆ ಒಳಗೇ ಹರಿಯುತ್ತದೆ. ಹರಿಯಿತೆಂದರೆ ಕಾಲು ಬಾತು, ಕೀವಾಗಿ, ಆಳು ಹಾಸಿಗೆ ಹಿಡಿಯುತ್ತಾನೆ. ಶಿವಲಿಂಗವ್ವನ ಕೈಯಲ್ಲಿ ಮಾತ್ರ ಅದು ಹರಿಯುತ್ತಿರಲಿಲ್ಲ. ಜೋಳದ ದಂಟಿನ ಸಿಬಿರಿಗೆ ದಿನಕ್ಕಿಷ್ಟು ದಿನಕ್ಕಿಷ್ಟು ಸುತ್ತುತ್ತ, ಮಗುವಿನ ಜಡೆ ಹೆಣೆದಷ್ಟು ಮೆತ್ತಗೆ ಹೊರಗೆ ತೆಗೆಯುತ್ತಿದ್ದಳು. ಬೆಳುಂಕಿಯಿಂದ, ಬಾಲಗಾಂವದಿಂದ, ಅದರಾಚೆಯಿಂದಲೂ ಜನ ಕುಂಟುತ್ತ ಬರುತ್ತಿದ್ದರು.

ಆಕೆ ಕಟ್ಟುತ್ತಿದ್ದ ಸೊಪ್ಪು ಬಾವಿಯ ಕಲ್ಲುಸಂದಿಗಳಲ್ಲಿ, ತೇವವಿದ್ದಲ್ಲಿ ಹಬ್ಬುವ ಒಂದು ಬಳ್ಳಿ. ಅದಕ್ಕೆ ಬೇರೆ ಹೆಸರು ಏನಿತ್ತೋ, ಮನೆಯಲ್ಲಿ ಅದು ‘ನಾರಿನ ಸೊಪ್ಪು’. ಅತ್ತೆ ಕೈಹಿಡಿದು ಕಲಿಸಿದ ವಿದ್ಯೆ, ಅತ್ತೆ ಹಾಕಿಕೊಟ್ಟ ಕಟ್ಟಳೆ: ಸೊಪ್ಪು ಬಾವಿಯನ್ನು ಬಿಟ್ಟು ಹೊರಗೆ ಹೋದರೆ ಅದರ ಗುಣ ಹೋಗುತ್ತದೆ. ಆದುದರಿಂದ ಬೇನೆಯವರು ಕೆಳಗಿನ ಪಾವಟಿಗೆಯ ಮೇಲೆ ಕುಳಿತು, ಕಾಲನ್ನು ನೀರಿನಲ್ಲಿ ಇಳಿಬಿಡಬೇಕು. ತಣ್ಣೀರು ಸೋಕಿದೊಡನೆ ಉರಿ ತಗ್ಗುತ್ತಿತ್ತು, ಹುಳು ತಾನಾಗಿ ಮುಂದೆ ಬರುತ್ತಿತ್ತು, ಗಾಯದಿಂದ ಹಾಲಿನಂಥ ಒಂದು ಎಳೆ ನೀರಿನಲ್ಲಿ ಹರಡುತ್ತಿತ್ತು. “ವಿಷ ಹೋತು ನೋಡು,” ಎನ್ನುತ್ತಿದ್ದಳು ಶಿವಲಿಂಗವ್ವ. ಕಾಲು ತೆಗೆಸಿ, ಸೊಪ್ಪು ಅರೆದು, ಅಲ್ಲಿಯೇ ಕಟ್ಟುತ್ತಿದ್ದಳು. ಪಕ್ಕದಲ್ಲಿಯೇ ಹೆಂಗಸರು ಕೊಡ ತುಂಬಿಕೊಳ್ಳುತ್ತಿದ್ದರು.

ಆಕೆಯ ಕೈಯಲ್ಲಿ ನೆಟ್ಟಗಾಗದೆ ಉಳಿದ ಕಾಲು ಒಂದೇ, ನೆರೆಮನೆಯ ದಾವಲಸಾಬನದು. ಆತ ಪಿಂಜಾರ, ಬಿಲ್ಲು ಹೆಗಲಿಗೇರಿಸಿಕೊಂಡು ಊರೂರು ತಿರುಗಿ ಗಾದಿಯ ಹತ್ತಿ ಹಿಂಜುತ್ತಿದ್ದ. ಒಂದು ಬೇಸಗೆಯಲ್ಲಿ ನಾರು ಮೊಳಕಾಲಿನಲ್ಲಿ ಎದ್ದಿತು. ಕೆಲಸ ಬಿಡಲಾರದೆ ನಡೆದ. ಜತ್ತದ ಸಂತೆಯಲ್ಲಿ ಹುಳು ಒಳಗೇ ಹರಿಯಿತು. ಮೊಳಕಾಲು ಮಡಚಿದ್ದು ಮಡಚಿಯೇ ಉಳಿಯಿತು. ಅಂದಿನಿಂದ ಅಂಗಳದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ. ಆತನ ಹೆಂಡತಿ ಇಮಾಮಬಿ ಶಿವಲಿಂಗವ್ವನಿಗೆ ತಂಗಿಯಿದ್ದಂತೆ. ಒಬ್ಬರ ಮನೆಯ ಕೆಂಡದಿಂದ ಇನ್ನೊಬ್ಬರ ಒಲೆ ಹೊತ್ತುತ್ತಿತ್ತು.

ಜತ್ತ ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಹೋಳಿಹುಣ್ಣಿಮೆ ಕಳೆದ ಮೇಲೆ ಒಂದು ಮುಂಜಾನೆ ಟೊಪ್ಪಿಗೆಯ ಯುವಕನೊಬ್ಬ ಹೆಗಲಿಗೆ ತಗಡಿನ ಡಬ್ಬಿ ಜೋತುಹಾಕಿಕೊಂಡು ವಸ್ತಿಗೆ ಬಂದ.

“ಆಯಿ, ನಾ ಶ್ರೀಶೈಲಪ್ಪ ಅಂತ್ರಿ. ಜತ್ತದಾಗ ನಮ್ಮಪ್ಪಂದು ಕಿರಾಣಿ ಅಂಗಡಿ ಐತಿ. ನಾ ಪುಣೇದಾಗ ಇರ್ತೀನ್ರಿ. ಗಿಡಮೂಲಿಕಿ ಹುಡುಕೂದು ನನ್ನ ಕೆಲಸ.”

ಆಚೆಯ ಅಂಗಳದಿಂದ ದಾವಲಸಾಬ ಕೂಗಿದ: “ಪುಣೇದಾಗ ಗಿಡಾ ಎಲ್ಲಾ ಒಣಗ್ಯಾವೇನ್ರಿ ಸಾಹೇಬ್ರ? ನಮ್ಮ ಜಾಲಿಕಂಟಿ ನೋಡಾಕ ಇಷ್ಟು ದೂರ ಬಂದೀರಿ?”

“ಜಾಲಿ ಅಲ್ರಿ, ನಾರಿನ ಸೊಪ್ಪು ನೋಡಾಕ ಬಂದೀನಿ,” ಎಂದು ಶ್ರೀಶೈಲಪ್ಪ ನಕ್ಕ. “ನಾರು ಕೊಲ್ಲೂ ಔಷಧ ಇನ್ನೂ ಯಾರಿಗೂ ಸಿಕ್ಕಿಲ್ಲ. ಹಳ್ಳಿ ಮಂದಿ ಏನೇನು ಕಟ್ತಾರ, ಎಲ್ಲಾ ಒಯ್ದು, ಅರದು, ಪರೀಕ್ಷಾ ಮಾಡ್ತೇವಿ. ಒಂದರಾಗರ ಗುಣಾ ಸಿಕ್ಕರ ದೇಶಕ್ಕೆಲ್ಲಾ ಆಗ್ತೈತಿ.”

ದೇಶಕ್ಕೆಲ್ಲಾ ಎಂಬ ಮಾತು ಕೇಳಿ ಶಿವಲಿಂಗವ್ವನ ಮುಖ ಅರಳಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಬಾ ತಮ್ಮಾ, ತೋರಸ್ತೀನಿ,” ಎಂದು ಬಾವಿಗೆ ಇಳಿದಳು. ಅಂದು ಬಾಲಗಾಂವದ ಮುದುಕನೊಬ್ಬ ಕಾಲು ನೀರಿಗಿಳಿಸಿ ಕುಳಿತಿದ್ದ. ಶ್ರೀಶೈಲಪ್ಪ ಕಲ್ಲುಸಂದಿಯ ಬಳ್ಳಿಯನ್ನು ಬೇರುಸಹಿತ ಬಿಡಿಸಿ ಡಬ್ಬಿಗೆ ಹಾಕುತ್ತಿದ್ದವನು, ನೀರಿನಲ್ಲಿ ಹಾಲಿನ ಎಳೆ ಹರಡಿದ್ದನ್ನು ನೋಡಿ ಕೈ ನಿಲ್ಲಿಸಿದ. ಅದೇ ಹೊತ್ತಿಗೆ ಇಮಾಮಬಿ ಬಂದು, ಮುದುಕನಿಂದ ಒಂದು ಮಾರು ಆಚೆಗೆ ಕೊಡ ಮುಳುಗಿಸಿದಳು. ಶ್ರೀಶೈಲಪ್ಪ ಒಂದು ಗಾಜಿನ ಲೋಟದಲ್ಲಿ ನೀರು ತುಂಬಿಕೊಂಡು ಮೇಲೆ ಹತ್ತಿದ.

ಮುದುಕ ಹೋದ ಮೇಲೆ, ಶಿವಲಿಂಗವ್ವನ ಪಡಸಾಲೆಯಲ್ಲಿ ಲೋಟವನ್ನು ಬಿಸಿಲಿಗೆ ಹಿಡಿದ. ಭೂತಗನ್ನಡಿಯನ್ನು ಆಕೆಯ ಕೈಗೆ ಕೊಟ್ಟ. ತಿಳಿನೀರಿನಲ್ಲಿ ಎಳ್ಳಿನ ಚೂರಿನಂಥವು ಕುಪ್ಪಳಿಸುತ್ತಿದ್ದವು.

“ಆಯಿ, ನೀವು ಕಟ್ಟೂ ಸೊಪ್ಪು ಚಲೋ ಕಾಣ್ತೈತಿ, ಬಾವು ಇಳಸಬಹುದು. ಒಯ್ದು ನೋಡ್ತೀನಿ. ಆದರ ನೀರಾಗ ಕಾಲು ಇಡಸಬ್ಯಾಡ್ರಿ.”

“ಯಾಕ ತಮ್ಮಾ?”

“ಹಾಲಿನಂಗ ಬಂತಲ್ರಿ, ಅದು ವಿಷ ಅಲ್ಲ. ನಾರಿನ ಮರಿ. ನೀರು ಸೋಕಿದ ಕೂಡಲೆ ಅದು ಮರಿ ಹಾಕ್ತೈತಿ. ಆ ಮರಿನ ಈ ಕುಪ್ಪಳಸೂ ಹುಳಾ ನುಂಗ್ತಾವ. ಹುಳಾ ಇದ್ದ ನೀರು ನಾವು ಕುಡೀತೇವಿ. ಮುಂದ ಒಂದು ವರ್ಷಕ್ಕ ಅದು ಕಾಲಾಗ ಏಳ್ತೈತಿ.”

ಶಿವಲಿಂಗವ್ವ ಭೂತಗನ್ನಡಿಯನ್ನು ಕೆಳಗಿಟ್ಟಳು. “ನಮ್ಮತ್ತಿನೂ ಹಿಂಗ ಮಾಡ್ತಿದ್ದಳು,” ಎಂದಳು.

“ಅವರಿಗೂ ಯಾರೂ ಹೇಳಿರಾಕಿಲ್ರಿ.”

“ಹಂಗಾರ ದಾವಲಸಾಬನ ಮೊಳಕಾಲಾಗ ಎದ್ದದ್ದು?”

ಶ್ರೀಶೈಲಪ್ಪ ಡಬ್ಬಿಯ ಮುಚ್ಚಳ ಹಾಕುತ್ತ ಕೆಳಗೆ ನೋಡಿದ. ಆಕೆಗೆ ಉತ್ತರ ಸಿಕ್ಕಿತು.

“ಎರಡು ಪದರಿನ ದಪ್ಪ ಅರಿವ್ಯಾಗ ನೀರು ಸೋಸಿ ಕುಡಿದರ ಏನೂ ಆಗಾಕಿಲ್ರಿ. ಎಲ್ಲಾರ್ನೂ ಕಟ್ಟಿಗಿ ಕೂಡಿಸಿ ನಾನ ಹೇಳಿ ಹೋಗ್ಲೇನು?”

“ಬ್ಯಾಡ ತಮ್ಮಾ. ನಮ್ಮ ಮಂದಿ. ನಾನ ಹೇಳ್ತೀನಿ.”

ಆತ ನಂಬಿ ಹೋದ.

ಶಿವಲಿಂಗವ್ವ ಹೇಳಲಿಲ್ಲ. ಆ ದಿನ ಹೇಳಬೇಕೆಂದು ಹೊರಟವಳು ದಾವಲಸಾಬನ ಅಂಗಳದವರೆಗೆ ಹೋದಳು. ಆತ ಮಡಚಿದ ಕಾಲಿನ ಹೆಬ್ಬೆರಳಿಗೆ ಹಗ್ಗದ ತುದಿಯನ್ನು ಸಿಕ್ಕಿಸಿಕೊಂಡು ಹೊಸೆಯುತ್ತಿದ್ದ. “ಬಾ ಅಕ್ಕಾ. ನೋಡು, ಈ ಕಾಲು ಹಗ್ಗಾ ಹಿಡ್ಯಾಕ ಎಷ್ಟು ನೆಟ್ಟಗೈತಿ! ದೇವರು ಗೂಟಾ ಮಾಡಿ ಕೊಟ್ಟಾನ,” ಎಂದ. ಆಕೆ ಉಪ್ಪು ಕೇಳಿ ಇಸಿದುಕೊಂಡು ಹಿಂದಿರುಗಿದಳು. ಮನೆಯಲ್ಲಿ ಉಪ್ಪು ಇತ್ತು.

ಯಾರಿಗೂ ಕಾರಣ ಹೇಳದೆ ಔಷಧವನ್ನು ಅಂಗಳಕ್ಕೆ ತಂದಳು. ಪಾವಟಿಗೆ ಇಳಿಯಲು ಮೊಳಕಾಲು ನೋಯುತ್ತದೆಂದು ನೆವ ಹೇಳಿದಳು. ಬಂದವರು ಒಲ್ಲದ ಮನಸ್ಸಿನಿಂದ ಅಂಗಳದಲ್ಲಿ ಕುಳಿತರು. ತಪ್ಪು ಇನ್ನು ಮುಂದೆ ನಡೆಯದಿದ್ದರೆ ಸಾಕು, ಹಿಂದಿನದನ್ನು ಬಾಯಿಬಿಟ್ಟು ಹೇಳಿ ಯಾರಿಗೆ ಏನು ಬಂತು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಬಾವಿಯಲ್ಲಿದ್ದ ನೀರು ಅದೇ ನೀರು. ಆಕೆ ತನ್ನ ಮನೆಯ ಕೊಡದ ಬಾಯಿಗೆ ಹಳೆಯ ಧೋತರವನ್ನು ಎರಡು ಮಡಿಕೆ ಮಾಡಿ ಕಟ್ಟಿ ಸೋಸಿ ಕುಡಿಯತೊಡಗಿದಳು.

ಒಂದು ದಿನ ಕೆಂಡಕ್ಕೆ ಬಂದ ಇಮಾಮಬಿ ಅದನ್ನು ಕಂಡಳು. “ಏನಕ್ಕಾ, ನೀರಿಗೂ ಮಡಿ ಉಡಿಸೀದಿ?”

“ಧೂಳಿ ಭಾಳ ಬೀಳ್ತೈತಿ,” ಎಂದು ಶಿವಲಿಂಗವ್ವ ಒಲೆಯ ಕಡೆಗೆ ತಿರುಗಿದಳು.

ಇಮಾಮಬಿ ನಗುತ್ತ ಕೆಂಡ ತೆಗೆದುಕೊಂಡು ಹೋದಳು. ಮೊದಲು ಮಾಡಿದ್ದು ತಿಳಿಯದೆ ಮಾಡಿದ್ದು. ಇದು ಹಾಗಲ್ಲ. ಆ ವ್ಯತ್ಯಾಸ ಆಕೆಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮರುದಿನ ನಾಲಿಗೆ ಏಳಲಿಲ್ಲ. ನಾರು ತೆಗೆಯುವ ಶಿವಲಿಂಗವ್ವ ಎನ್ನುವ ಹೆಸರು ಹೋದರೆ ತಾನು ಯಾರು ಎಂದು ಯೋಚಿಸಿದಳು. ದಿನಗಳು ಹೀಗೆಯೇ ಸರಿದವು.

ಮಿರಗದ ಮುಂಗಾರು ಮಳೆಗೆ ಇನ್ನೂ ಸಮಯವಿತ್ತು. ಬಾವಿಯಲ್ಲಿ ನೀರು ತಳ ಕಂಡಿತ್ತು. ಬೆಳುಂಕಿಯ ಬಸಗೊಂಡ ಎಂಬ ಗಟ್ಟಿಮುಟ್ಟಾದ ಆಳು ಬಂದ. ಹಿಂದಿನ ವರ್ಷ ಎಡಗಾಲು, ಈ ವರ್ಷ ಬಲಗಾಲು. ಆತನನ್ನು ಅಂಗಳದಲ್ಲಿ ಕೂಡಿಸಿ ಶಿವಲಿಂಗವ್ವ ಸೊಪ್ಪು ಅರೆಯಲು ಒಳಗೆ ಹೋದಳು. ಹೊರಗೆ ಬಂದು ನೋಡಿದರೆ ಬಸಗೊಂಡ ಇಲ್ಲ. ಬಾವಿಯ ದಂಡೆಗೆ ಓಡಿದಳು. ಆತ ಕೆಳಗಿನ ಪಾವಟಿಗೆಯ ಮೇಲೆ ಕುಳಿತು ಕಾಲನ್ನು ನೀರಿಗೆ ಇಳಿಬಿಟ್ಟಿದ್ದ. ಹಾಲಿನ ಎಳೆ ಹರಡುತ್ತಿತ್ತು. ಅದರ ಮಗ್ಗುಲಲ್ಲಿಯೇ ಇಮಾಮಬಿ ಕೊಡ ಬಗ್ಗಿಸಿದ್ದಳು. ಇನ್ನೂ ಮೂರ್ನಾಲ್ಕು ಹೆಂಗಸರು ಸರದಿಗೆ ನಿಂತಿದ್ದರು.

“ಏ ಬಸಗೊಂಡಾ, ಕಾಲ ತೆಗಿ!”

“ತಡಿ ಆಯಿ, ಉರಿ ತಡ್ಯಾಕಾಗವಲ್ಲದು. ಹೋದ ವರ್ಷ ನೀನ ಇಡಸಿದ್ದಿ. ನಿನಗ ಮೊಳಕಾಲ ನೋವು, ನನಗೇನು?”

ಆತ ಹೇಳಿದ್ದು ದಿಟವಾಗಿತ್ತು. ಎಷ್ಟೋ ವರ್ಷ ತಾನೇ ಕಲಿಸಿದ್ದನ್ನು ಒಂದು ನೆವದಿಂದ ಮರೆಸಲು ಆಗದೆಂದು ಶಿವಲಿಂಗವ್ವನಿಗೆ ಆ ದಂಡೆಯ ಮೇಲೆ ನಿಂತಾಗ ಹೊಳೆಯಿತು.

“ಇಮಾಮಬಿ, ಆ ಕೊಡ ಚೆಲ್ಲು.”

“ಯಾಕಕ್ಕಾ, ಹಾವು ಬಂತೇನು?”

“ಚೆಲ್ಲವ್ವಾ, ನಿನ್ನ ಕಾಲಿಗೆ ಬೀಳ್ತೀನಿ.”

ಆಮೇಲೆ ಎಲ್ಲವನ್ನೂ ಹೇಳಿದಳು. ಹೇಳುವಾಗ ಅತ್ತೆಯ ಹೆಸರು ಎತ್ತಲಿಲ್ಲ. “ನಾ ಇಲ್ಲಿ ಕೂಡಿಸಿ ನಾರು ತೆಗದೀನಿ, ತೆಗೆದು ಈ ನೀರಾಗ ಬಿತ್ತೀನಿ. ನೀವು ಕುಡದೀರಿ. ದಾವಲಸಾಬನ ಕಾಲು ಮಡಚಿದ್ದು ನನ್ನ ಕೈಯಿಂದ,” ಎಂದಳು. ಬಸಗೊಂಡ ಕಾಲನ್ನು ಮೇಲಕ್ಕೆಳೆದುಕೊಂಡ. ಒಬ್ಬಾಕೆ, “ಬಿಸಲಿಗಿ ಆಯಿ ತಲಿ ಕೆಟ್ಟೈತಿ,” ಎಂದಳು. ಯಾರೂ ನಗಲಿಲ್ಲ.

ಇಮಾಮಬಿ ಕೇಳಿದ್ದು ಒಂದೇ ಮಾತು: “ನಿನಗ ಯಾವಾಗ ತಿಳೀತು?”

“ಪುಣೇದ ಹುಡುಗ ಬಂದಾಗ.”

“ಹೋಳಿ ಆದ ಮ್ಯಾಗ ಬಂದಿದ್ದ ಆತ.” ಇಮಾಮಬಿಯ ಧ್ವನಿ ಏರಲಿಲ್ಲ. “ಅದಕ್ಕ ನಿನ್ನ ಕೊಡಕ್ಕ ಧೋತರಾ ಕಟ್ಟಿದ್ದಿ. ನಾ ನಕ್ಕೊಂತ ಹೋದೆ. ನೀ ನನಗ ಧೂಳಿ ಅಂದಿ.”

ಕೊಡವನ್ನು ಬರಿದು ಮಾಡಿ, ಬರಿಗೊಡವನ್ನೇ ಸೊಂಟಕ್ಕಿಟ್ಟುಕೊಂಡು ಆಕೆ ಪಾವಟಿಗೆ ಹತ್ತಿ ಹೋದಳು. ಅಂದಿನಿಂದ ಆ ಎರಡು ಮನೆಗಳ ನಡುವೆ ಕೆಂಡ ಸಾಗಲಿಲ್ಲ.

ವಸ್ತಿಯ ಜನ ಎರಡು ದಿನ ಗುಜುಗುಜು ಮಾಡಿ, ಮೂರನೆಯ ದಿನ ಪಾವಟಿಗೆಗಳಿಗೆ ಜಾಲಿಮುಳ್ಳು ಬಡಿದು, ದಂಡೆಯಿಂದಲೇ ಹಗ್ಗ ಇಳಿಬಿಟ್ಟು ನೀರು ಸೇದತೊಡಗಿದರು. ಮಳೆಗಾಲ ಕಳೆದ ಮೇಲೆ ಕಲ್ಲು ಕಟ್ಟಿ ದಾರಿಯನ್ನು ಮುಚ್ಚಿದರು, ಗಡಗಡೆ ಹೂಡಿದರು. ಗಡಗಡೆಗೆ ಮೊದಲ ಹಗ್ಗವನ್ನು ದಾವಲಸಾಬ ಹೊಸೆದು ಕಳಿಸಿದ. ಅದನ್ನು ತಂದವರ ಕೈಯಲ್ಲಿ, “ಅಕ್ಕಗ ಹೇಳ್ರಿ, ನನ್ನ ಕಾಲಿನ ಸಲುವಾಗಿ ನನಗ ಸಿಟ್ಟಿಲ್ಲ. ನಮ್ಮ ಮನ್ಯಾಕಿ ಸಿಟ್ಟಿಂದು ನನಗ ಗೊತ್ತಿಲ್ಲ,” ಎಂದು ಹೇಳಿಕಳಿಸಿದ. ಶಿವಲಿಂಗವ್ವ ಬಾವಿಯ ಬಳಿ ಕುಳಿತು, ನೀರಿಗೆ ಬಂದ ಪ್ರತಿಯೊಬ್ಬರ ಕೊಡದ ಬಾಯಿಗೂ ಅರಿವೆ ಇದೆಯೇ ಎಂದು ನೋಡುವಳು. ಹುಡುಗಿಯರು ಆಕೆಗೆ ‘ಫೌಜದಾರ ಆಯಿ’ ಎಂದು ಹೆಸರಿಟ್ಟರು.

ದೀಪಾವಳಿಗೆ ಜತ್ತಕ್ಕೆ ಬಂದಿದ್ದ ಶ್ರೀಶೈಲಪ್ಪ ವಸ್ತಿಗೂ ಬಂದುಹೋದ. ಸೊಪ್ಪಿನಿಂದ ಬಾವು ಇಳಿಯುವುದು ನಿಜವೆಂದೂ, ನಾರನ್ನು ಕೊಲ್ಲುವ ಗುಣ ಅದರಲ್ಲಿ ಕಾಣಲಿಲ್ಲವೆಂದೂ, ತಾವು ಇನ್ನೂ ಹುಡುಕುತ್ತಿರುವೆವೆಂದೂ ಹೇಳಿದ. ಕಟ್ಟಿದ ಬಾವಿಯನ್ನು ನೋಡಿ ಬಹಳ ಸಂತೋಷಪಟ್ಟು, “ಆಯಿ, ದೊಡ್ಡ ಕೆಲಸಾ ಮಾಡೀರಿ,” ಎಂದ. ಆ ಹೊಗಳಿಕೆ ಶಿವಲಿಂಗವ್ವನ ಮೈಗೆ ಮುಳ್ಳಿನಂತೆ ತಾಗಿತು. “ತಡಾ ಮಾಡಿ ಮಾಡೀನಿ ತಮ್ಮಾ,” ಎಂದಳು. ಆತನಿಗೆ ಅರ್ಥವಾದಂತೆ ಕಾಣಲಿಲ್ಲ.

ಮುಂದಿನ ಬೇಸಗೆ ಬಂತು. ಹಿಂದಿನ ಬೇಸಗೆಯಲ್ಲಿ ಕುಡಿದ ನೀರು ಈಗ ಕಾಲುಗಳಲ್ಲಿ ಏಳತೊಡಗಿತು. ವಸ್ತಿಯವರೇ ಕೆಲವರು ಕುಂಟುತ್ತ ಬಂದರು. ಆಕೆ ಒಬ್ಬೊಬ್ಬರನ್ನೂ ಅಂಗಳದಲ್ಲಿ ಕೂಡಿಸಿ, ಬಾವಿಯಿಂದ ದೂರದಲ್ಲಿ, ತಲೆ ಬಗ್ಗಿಸಿಕೊಂಡು ನಾರು ಸುತ್ತಿದಳು.

ಒಂದು ಸಂಜೆ ಇಮಾಮಬಿ ಬಂದಳು. ವರ್ಷವೊಂದರ ಮೇಲೆ ಆ ಹೊಸ್ತಿಲ ಮುಂದೆ ನಿಂತಿದ್ದಳು. ಹಿಮ್ಮಡಿಯ ಮೇಲೆ ಬೊಕ್ಕೆ ಒಡೆದಿತ್ತು. ಕುಳಿತು, ಕಾಲನ್ನು ಶಿವಲಿಂಗವ್ವನ ಮಡಿಲಿಗೆ ಚಾಚಿದಳು.

ಶಿವಲಿಂಗವ್ವ ಸಿಬಿರು ಸೀಳಿ ಹುಳುವಿನ ತುದಿಯನ್ನು ಹಿಡಿದಳು. ಅಷ್ಟು ವರ್ಷ ಒಮ್ಮೆಯೂ ಜಾರದ ತುದಿ ಈಗ ಬೆರಳಿನಿಂದ ಜಾರಿತು; ಮತ್ತೆ ಹಿಡಿದಳು.

“ಅಕ್ಕಾ, ಇದು ಯಾವ ನೀರಿಂದು?” ಎಂದಳು ಇಮಾಮಬಿ. “ನಿನಗ ಗೊತ್ತಿಲ್ಲದಾಗ ಕುಡದದ್ದೋ, ಗೊತ್ತಾದ ಮ್ಯಾಗ ಕುಡದದ್ದೋ?”

“ಅದನ್ನ ಹೇಳಾಕ ಯಾರಿಗೂ ಬರಾಕಿಲ್ಲ.” ಶಿವಲಿಂಗವ್ವ ತಲೆ ಎತ್ತಲಿಲ್ಲ. “ಗೊತ್ತಾದ ಮ್ಯಾಗಿಂದು ಅಂತ ಹಿಡಕೋ.”

“ಹಿಡಕೊಂಡೀನಿ,” ಎಂದಳು ಇಮಾಮಬಿ. “ಕೈ ಗಟ್ಟಿ ಮಾಡ್ಕೋ. ಹರದೀತು,” ಎಂದಳು.

ಶಿವಲಿಂಗವ್ವ ಕಣ್ಣು ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಉಸಿರು ಹಿಡಿದು, ಸಿಬಿರನ್ನು ಒಂದು ಸುತ್ತು ತಿರುಗಿಸಿದಳು.